ಎಲ್ಲ ಕಳೆದುಕೊಂಡವಳು ಮತ್ತೆ ಶುರು ಮಾಡುವ ಕಾದಂಬರಿ: ಬರೆಯುವ ಕ್ರಮ ಮತ್ತು ಎಡವುವ ಜಾಗಗಳು

ಈ ಬಗೆಯ ಕಾದಂಬರಿ ಶುರು ಮಾಡುವವರು ಬಹಳ, ಮುಗಿಸುವವರು ಕಡಿಮೆ. ನಿಲ್ಲುವ ಜಾಗವೂ ಹೆಚ್ಚುಕಡಿಮೆ ಒಂದೇ. ಮೊದಲ ಮೂರು ಅಧ್ಯಾಯ ಸರಾಗವಾಗಿ ಬರುತ್ತವೆ: ಸಾವಿನ ಸುದ್ದಿ ಅಥವಾ ಗಂಡ ಬಿಟ್ಟುಹೋದ ರಾತ್ರಿ, ಅಳು, ಖಾಲಿ ಮನೆ. ನಾಲ್ಕನೆಯದಕ್ಕೆ ಬಂದಾಗ ನಾಯಕಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಕಿಟಕಿ ಪಕ್ಕ ಕೂತು ಹಳೆಯದನ್ನು ನೆನೆಯುತ್ತಾಳೆ. ಎರಡು ಅಧ್ಯಾಯ ಹಾಗೇ ನೆನೆದ ಮೇಲೆ ಬರೆಯುವವರಿಗೆ ಗಾಬರಿಯಾಗುತ್ತದೆ, ಒಬ್ಬ ಒಳ್ಳೆಯ ಗಂಡಸನ್ನು ಕರೆದುಕೊಂಡು ಬರುತ್ತಾರೆ, ಅವನು ಎಲ್ಲವನ್ನೂ ಸರಿಮಾಡಿಬಿಡುತ್ತಾನೆ. ಅಲ್ಲಿಗೆ ಕಥೆ ಅವಳ ಕೈ ತಪ್ಪಿತು.

ಹೀಗಾಗುವುದು ಭಾಷೆ ಸಾಲದೆ ಅಲ್ಲ, ಕ್ರಮ ತಪ್ಪಿ. ದುಃಖವನ್ನು ಮೊದಲು ಬರೆದು, ಆಮೇಲೆ ಅದರೊಳಗೆ ಕಥೆ ಹುಡುಕಲು ಹೋಗುತ್ತೇವೆ. ಮೊದಲು ಹುಡುಕಬೇಕಾದದ್ದು ಬೇರೆ: ದುಃಖದ ಮಧ್ಯೆಯೂ ಅವಳು ಮಾಡಲೇಬೇಕಾದ ಕೆಲಸ ಯಾವುದು? ಅದು ಸಿಕ್ಕರೆ ಕಥೆ ನಡೆಯುತ್ತದೆ, ದುಃಖ ಅದರ ಜೊತೆಗೇ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಐದು ಹಂತ ಮುಗಿಯುವವರೆಗೆ ಒಂದು ದೃಶ್ಯವನ್ನೂ ಬರೆಯಬೇಡಿ, ಕೈ ಎಷ್ಟು ತುರಿಸಿದರೂ.

ಮೊದಲು ಕೈಗೆ ಬೇಕಾದವು

ಎರಡು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಕಾದಂಬರಿಗೆ, ಇನ್ನೊಂದು ನಿಮ್ಮದೇ ನೋವಿಗೆ. ಈ ವಸ್ತುವನ್ನು ಆರಿಸಿಕೊಳ್ಳುವವರಲ್ಲಿ ಹಲವರಿಗೆ ಒಳಗೆ ಏನೋ ಒಂದು ಇರುತ್ತದೆ, ಅದು ಹೇಳದೆ ಕೇಳದೆ ಪಾತ್ರದ ಬಾಯಿಗೆ ಬಂದು ಕೂರುತ್ತದೆ. ಅದಕ್ಕೆ ಬೇರೆ ಜಾಗ ಕೊಟ್ಟರೆ ಎರಡೂ ಉಳಿಯುತ್ತವೆ.

ಒಂದು ಕ್ಯಾಲೆಂಡರ್ ಬೇಕು, ಕಥೆ ನಡೆಯುವ ಕಾಲದ್ದು. ಒಂದೂವರೆ ವರ್ಷದ ಕಥೆಯಾದರೆ 18 ತಿಂಗಳ 18 ಹಾಳೆ. ಜೊತೆಗೆ, ಇಂಥದ್ದೇ ನಷ್ಟ ಕಂಡು ಸ್ವಲ್ಪ ಕಾಲ ಕಳೆದಿರುವ ಒಬ್ಬರು ಓದುಗರು, ಕರಡು ಮುಗಿದ ಮೇಲೆ.

ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷ್ ಪ್ರಕಾಶಕರು ಈ ಬಗೆಗೆ ಸಾಮಾನ್ಯವಾಗಿ 80,000ದಿಂದ 1,00,000 ಪದ ಎನ್ನುತ್ತಾರೆ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಹಂತ 1: ಅವಳು ಕಳೆದುಕೊಂಡದ್ದೇನು, ಪೂರ್ತಿ ಬರೆಯಿರಿ

"ಗಂಡ ತೀರಿಕೊಂಡ" ಅನ್ನುವುದು ಘಟನೆ. ನಷ್ಟ ಅದಕ್ಕಿಂತ ದೊಡ್ಡದು. ಅವನ ಜೊತೆ ಹೋದದ್ದೆಲ್ಲವನ್ನೂ ಒಂದು ಪುಟದಲ್ಲಿ ಬರೆಯಿರಿ: ಬೆಳಗಿನ ಹೊತ್ತಿನ ಅಭ್ಯಾಸ, ಸಂಬಳ, ಅವನ ಕಡೆಯ ಗೆಳೆಯರು, ಅವಳನ್ನು ಅವನೊಬ್ಬನೇ ಕರೆಯುತ್ತಿದ್ದ ಹೆಸರು, ಮುಂದಿನ ವರ್ಷಕ್ಕೆ ಹಾಕಿಕೊಂಡಿದ್ದ ಯೋಜನೆ. ಮಾರ್ಗದರ್ಶಿಯ ಉದ್ದಕ್ಕೂ ಒಬ್ಬಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಯಸ್ಸು 46. ಗಂಡ ಹಠಾತ್ತಾಗಿ ತೀರಿಕೊಂಡಿದ್ದಾನೆ. ಒಬ್ಬ ಮಗಳು, ಹಾಸ್ಟೆಲಿನಲ್ಲಿ ಇದ್ದಾಳೆ. ಮನೆಯ ಲೆಕ್ಕಪತ್ರವೆಲ್ಲ ಅವನೇ ನೋಡುತ್ತಿದ್ದ.

ನಷ್ಟದ ಬಗೆ ಬದಲಾದರೆ ಕಥೆಯೇ ಬದಲಾಗುತ್ತದೆ. ಸಾವಿಗೆ ಒಂದು ದಿನಾಂಕ ಇದೆ, ಜನ ಬರುತ್ತಾರೆ, ಮಾತಾಡಿಸುತ್ತಾರೆ. ಬಿಟ್ಟುಹೋದವನು ಮಾತ್ರ ಇನ್ನೂ ಎಲ್ಲೋ ಬದುಕಿದ್ದಾನೆ, ಅವನ ಫೋಟೊ ಫೋನಿನಲ್ಲಿ ಕಣ್ಣಿಗೆ ಬೀಳುತ್ತದೆ. ಕಾಣೆಯಾದವನ ವಿಷಯದಲ್ಲಿ ಅಳಬೇಕೋ ಕಾಯಬೇಕೋ ಅನ್ನುವುದೇ ಗೊತ್ತಾಗುವುದಿಲ್ಲ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಕಾಣೆಯಾದ ವಿಮಾನಚಾಲಕರ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ ಈ ಸ್ಪಷ್ಟವಲ್ಲದ ನಷ್ಟವನ್ನೇ ಬೇರೆಯಾಗಿ ಗುರುತಿಸಿದರು. ಮರೆವಿನ ಕಾಯಿಲೆ ಬಂದ ಗಂಡನ ಹೆಂಡತಿಯೂ ಇದೇ ಸಾಲಿನವಳು: ಮನುಷ್ಯ ಎದುರಿಗೇ ಇದ್ದಾನೆ, ಆದರೆ ಇಲ್ಲ.

ಇನ್ನೊಂದು ಬಗೆ ಇದೆ, ಕಾದಂಬರಿಗೆ ಬಹಳ ಫಲವತ್ತಾದದ್ದು. ಸುತ್ತಲಿನವರು ದುಃಖ ಅಂತ ಒಪ್ಪಿಕೊಳ್ಳದ ದುಃಖ. ದುಃಖದ ಬಗ್ಗೆ ಅಧ್ಯಯನ ಮಾಡಿದ ಕೆನೆತ್ ಡೋಕಾ 1989ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ವಿಚ್ಛೇದನವಾದ ಮೇಲೆ ಮಾಜಿ ಗಂಡ ತೀರಿಕೊಂಡರೆ ಅವಳು ಶವದ ಹತ್ತಿರ ಎಲ್ಲಿ ನಿಲ್ಲಬೇಕು? ಗುಟ್ಟಾಗಿ ಪ್ರೀತಿಸಿದವನು ಹೋದರೆ ಆಫೀಸಿನಲ್ಲಿ ಯಾವ ಕಾರಣ ಹೇಳಿ ರಜೆ ಕೇಳಬೇಕು? ಗರ್ಭ ನಿಲ್ಲದೆ ಹೋದವಳಿಗೆ "ಇನ್ನೊಂದು ಆಗುತ್ತೆ ಬಿಡು" ಅಂದರೆ ಅವಳು ಏನು ಹೇಳಬೇಕು? ಈ ಪ್ರಶ್ನೆಗಳಲ್ಲೇ ದೃಶ್ಯಗಳಿವೆ.

ತಪ್ಪು: ಒಂದೇ ಸಲಕ್ಕೆ ಗಂಡನ ಸಾವು, ಕೆಲಸ ಹೋಗುವುದು, ತಾಯಿಗೆ ಕಾಯಿಲೆ, ಮಗಳ ಜಗಳ ಎಲ್ಲವನ್ನೂ ಹೇರುವುದು. ಓದುಗರಿಗೆ ಎರಡನೆಯದಕ್ಕೇ ಸಾಕಾಗುತ್ತದೆ. ದೊಡ್ಡ ನಷ್ಟ ಒಂದಿರಲಿ, ಉಳಿದದ್ದು ಅದರಿಂದಲೇ ಹುಟ್ಟಲಿ.

ಹಂತ 2: ಹಳೆಯ ಬದುಕಿನಲ್ಲಿ ಅವಳು ಏನನ್ನು ಬಿಟ್ಟುಕೊಟ್ಟಿದ್ದಳು?

ನಷ್ಟದ ಮುಂಚೆ ಅವಳು ಯಾರಾಗಿದ್ದಳು ಅಂತ ಗೊತ್ತಿಲ್ಲದೆ ಆಮೇಲೆ ಯಾರಾಗುತ್ತಾಳೆ ಅಂತ ಬರೆಯಲಾಗುವುದಿಲ್ಲ. ನಮ್ಮ 46ರ ಹೆಂಗಸು ಗಂಡ ಕೈಗೆ ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುತ್ತಿದ್ದಳು. ಅದು ಪ್ರೀತಿ ಅಂದುಕೊಂಡಿದ್ದಳು. ಅವನೂ ಹಾಗೇ ಅಂದುಕೊಂಡಿದ್ದ. ಯಾರೂ ಕೆಟ್ಟವರಲ್ಲ, ಆದರೂ ಈಗ ಅವಳಿಗೆ ತನ್ನ ಹೆಸರಿನಲ್ಲಿ ಎಷ್ಟು ಸಾಲ ಇದೆ ಅಂತ ಗೊತ್ತಿಲ್ಲ.

ಇದು ಅವಳ ಮೇಲೆ ತಪ್ಪು ಹೊರಿಸುವ ಹಂತ ಅಲ್ಲ. ಬಿಟ್ಟುಹೋದವನ ತಪ್ಪು ಅವನದ್ದೇ. ಆದರೆ ಏನೂ ಕುಂದಿಲ್ಲದ, ಯಾವತ್ತೂ ಸಹಿಸಿಕೊಂಡೇ ಬಂದ, ಎಲ್ಲರಿಗೂ ಒಳ್ಳೆಯದನ್ನೇ ಮಾಡಿದ ನಾಯಕಿಗೆ ಬದಲಾಗಲು ಜಾಗವೇ ಇಲ್ಲ. ಅವಳೊಳಗೆ ಒಂದು ಭಯ, ಒಂದು ಸೋಮಾರಿತನ, ಒಂದು ಹಟ ಇರಲಿ. ಅವಳು ಒಂದು ಸಲವಾದರೂ ಯಾರಿಗಾದರೂ ಅನ್ಯಾಯ ಮಾಡಿರಲಿ.

ಎಚ್ಚರಿಕೆಯ ಗುರುತು: ಪಾತ್ರದ ಬಗ್ಗೆ ಬರೆದ ಟಿಪ್ಪಣಿಯಲ್ಲಿ "ಮುಗ್ಧೆ", "ತ್ಯಾಗಮಯಿ" ಎಂಬ ಮಾತುಗಳೇ ತುಂಬಿದ್ದರೆ ಈ ಹಂತವನ್ನು ಮತ್ತೆ ಮಾಡಿ.

ಹಂತ 3: ಮಾಡಲೇಬೇಕಾದ ಕೆಲಸಗಳ ಪಟ್ಟಿ

ಇಡೀ ಕಾದಂಬರಿ ನಿಂತಿರುವುದು ಈ ಹಂತದ ಮೇಲೆ, ಜನ ಬಿಟ್ಟುಬಿಡುವುದೂ ಇದನ್ನೇ. ಒಬ್ಬ ಮನುಷ್ಯ ಹೋದ ಮೇಲೆ ಉಳಿದವರ ಮುಂದೆ ಕೆಲಸದ ರಾಶಿ ಬಿದ್ದಿರುತ್ತದೆ. ಅದನ್ನು ಬಿಡಿಬಿಡಿಯಾಗಿ ಬರೆಯಿರಿ.

ಸಾವಾದರೆ: ಮರಣ ಪ್ರಮಾಣಪತ್ರ, ಅದರ ಹತ್ತಾರು ಪ್ರತಿ. ಬ್ಯಾಂಕ್ ಖಾತೆ, ನಾಮಿನಿ ಯಾರು. ವಿಮೆ. ಅವನ ಹೆಸರಿನಲ್ಲಿರುವ ಗಾಡಿ. ಪಾಸ್‌ವರ್ಡ್ ಗೊತ್ತಿಲ್ಲದ ಫೋನ್. ಅದಕ್ಕೆ ಇನ್ನೂ ಬರುತ್ತಿರುವ ಕರೆಗಳು, ವಿಷಯ ಗೊತ್ತಿಲ್ಲದವರದ್ದು. ಬಟ್ಟೆ, ಚಪ್ಪಲಿ, ಕನ್ನಡಕ. ಅರ್ಧ ಉಳಿದ ಮಾತ್ರೆಗಳು. ಅವನು ಯಾರಿಗೋ ಕೊಟ್ಟಿದ್ದ ಸಾಲ, ಈಗ ಕೇಳುವುದು ಹೇಗೆ. ಫಾರಂನಲ್ಲಿ ವಿವಾಹಿತೆಯೋ ವಿಧವೆಯೋ ಅಂತ ಟಿಕ್ ಮಾಡಬೇಕಾದ ಚೌಕ.

ಸಂಬಂಧ ಮುರಿದಿದ್ದರೆ: ಮನೆ ಯಾರಿಗೆ. ಇಬ್ಬರ ಹೆಸರಿನ ಖಾತೆ. ಮಕ್ಕಳಿಗೆ ಹೇಳುವುದು ಯಾರು, ಯಾವ ಮಾತಿನಲ್ಲಿ. ಇಬ್ಬರಿಗೂ ಗೆಳೆಯರಾಗಿದ್ದವರು ಈಗ ಯಾರ ಕಡೆ. ಅವನ ತಾಯಿಯನ್ನು ಇನ್ನೂ ಮಾತಾಡಿಸಬಹುದೇ, ಅವರ ಮೇಲೆ ಇವಳಿಗೆ ನಿಜವಾದ ಪ್ರೀತಿ ಇದ್ದರೆ? ಪುಸ್ತಕಗಳನ್ನು ಹಂಚಿಕೊಳ್ಳುವಾಗ ಮೊದಲ ಪುಟದಲ್ಲಿ ಬರೆದ ಹೆಸರು.

ಇಂಥ 30 ಸಾಲು ಬರೆಯಿರಿ. ಪ್ರತಿ ಸಾಲಿನ ಮುಂದೆ ಮೂರು ವಿಷಯ ಗುರುತು ಮಾಡಿ: ಇದಕ್ಕಾಗಿ ಅವಳು ಯಾರನ್ನು ಭೇಟಿಯಾಗಬೇಕು, ಏನು ಹೊಸದು ಗೊತ್ತಾಗಬಹುದು, ಮಾಡದೆ ಬಿಟ್ಟರೆ ಏನಾಗುತ್ತದೆ. ಮೂರಕ್ಕೂ ಉತ್ತರ ಇರುವ ಸಾಲು ಒಂದು ದೃಶ್ಯ. ಗಾಡಿ ಮಾರಲು ಕಾಗದ ಹುಡುಕುವಾಗ ಸಾಲದ ಪತ್ರ ಸಿಗುತ್ತದೆ, ಸಾಲದ ಪತ್ರದಲ್ಲಿ ಜಾಮೀನು ಹಾಕಿದವನ ಹೆಸರು ಇರುತ್ತದೆ, ಅವನನ್ನು ನೋಡಲು ಹೋದರೆ ಗಂಡ ತನಗೆ ಹೇಳದೆ ಇದ್ದ ಒಂದು ವಿಷಯ ತಿಳಿಯುತ್ತದೆ. ನೋಡಿ, ಕಥೆ ತಾನಾಗಿ ನಡೆಯಿತು, ಅಲ್ವಾ? ಎಲ್ಲೂ ಕಾಕತಾಳೀಯ ತರಬೇಕಾಗಲಿಲ್ಲ.

ಕಾನೂನಿನ ವಿಷಯ ಬಂದಲ್ಲಿ ಅಂದಾಜಿನ ಮೇಲೆ ಬರೆಯಬೇಡಿ. ನಿಮ್ಮ ಕಥೆ ನಡೆಯುವ ಜಾಗದಲ್ಲಿ ವಿಚ್ಛೇದನಕ್ಕೆ ಎಷ್ಟು ಕಾಲ ಬೇಕು, ಹೆಂಡತಿಗೆ ಏನು ಹಕ್ಕಿದೆ ಅಂತ ತಿಳಿದವರನ್ನು ಕೇಳಿ. ಎರಡೇ ವಾರದಲ್ಲಿ ವಿಚ್ಛೇದನ ಮುಗಿಸಿದ ಕಾದಂಬರಿಯನ್ನು, ಕೋರ್ಟಿನ ಕಾರಿಡಾರಿನಲ್ಲಿ ವರ್ಷಗಟ್ಟಲೆ ಕಾದ ಓದುಗರು ಅಲ್ಲೇ ಮುಚ್ಚಿಡುತ್ತಾರೆ.

ಹಂತ 4: ಒಂದು ಆಸೆ, ಒಂದು ಗಡುವು

"ಅವಳಿಗೆ ನೆಮ್ಮದಿ ಬೇಕು" ಅನ್ನುವುದರಿಂದ ಕಥೆ ಹುಟ್ಟುವುದಿಲ್ಲ. ಸಿಕ್ಕಿತೋ ಇಲ್ಲವೋ ಅಂತ ಹೊರಗಿನವರೂ ಹೇಳಬಹುದಾದ ಆಸೆ ಬೇಕು. ನಮ್ಮವಳಿಗೆ ಮನೆ ಉಳಿಸಿಕೊಳ್ಳಬೇಕು. ಸಾಲದ ಕಂತು ಕಟ್ಟದಿದ್ದರೆ ಆರು ತಿಂಗಳಲ್ಲಿ ಮನೆ ಹೋಗುತ್ತದೆ. ಇಷ್ಟು ಸಾಕು.

ಇದರ ಅಡಿಯಲ್ಲಿ ಇನ್ನೊಂದು ಇರಲಿ, ಅವಳಿಗೇ ಗೊತ್ತಿಲ್ಲದ್ದು. ಬಹುಶಃ ಅವಳಿಗೆ ನಿಜಕ್ಕೂ ಬೇಕಾಗಿರುವುದು ಮನೆ ಅಲ್ಲ, ತಾನೊಬ್ಬಳೇ ಒಂದು ನಿರ್ಧಾರ ಮಾಡಬಲ್ಲೆ ಅನ್ನುವ ನಂಬಿಕೆ. ಕೊನೆಯಲ್ಲಿ ಅವಳೇ ಮನೆ ಮಾರಬಹುದು. ಮನೆ ಕಳೆದುಕೊಳ್ಳುವುದಕ್ಕೂ ಮಾರುವುದಕ್ಕೂ ಇರುವ ವ್ಯತ್ಯಾಸ ಓದುಗರಿಗೆ ಗೊತ್ತಾದರೆ ಕಾದಂಬರಿ ಗೆದ್ದಿತು.

ಹಂತ 5: ದುಃಖದ ಕ್ಯಾಲೆಂಡರ್

ಬಹಳ ಜನ ಇಲ್ಲಿ ಐದು ಹಂತಗಳನ್ನು ತರುತ್ತಾರೆ: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಐದು ಭಾಗ, ಕೊನೆಯ ಭಾಗದಲ್ಲಿ ಶಾಂತಿ. ಹೀಗೆ ಮಾಡಬೇಡಿ. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದನ್ನು ಹೇಳಿದ್ದು ತಾವೇ ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರ ದುಃಖಕ್ಕೆ ಅದು ವೇಳಾಪಟ್ಟಿ ಅಲ್ಲ, ಎಲ್ಲರ ದುಃಖ ಆ ಸಾಲಿನಲ್ಲೇ ನಡೆಯುವುದಿಲ್ಲ.

ಕಾದಂಬರಿಕಾರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಮುಂದಿಟ್ಟ ಚಿತ್ರ. ಅವರ ಪ್ರಕಾರ ದುಃಖದಲ್ಲಿರುವವರು ಎರಡು ಕಡೆಯ ನಡುವೆ ಓಲಾಡುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು, ಹಂಬಲ. ಇನ್ನೊಂದು ಕಡೆ ಹೊಸ ಕೆಲಸ, ಹೊಸ ಜವಾಬ್ದಾರಿ, ಸ್ವಲ್ಪ ಹೊತ್ತು ಮರೆಯುವುದು. ಒಂದೇ ದಿನದಲ್ಲಿ ಎರಡೂ ನಡೆಯುತ್ತವೆ. ಬೆಳಿಗ್ಗೆ ಬ್ಯಾಂಕಿನಲ್ಲಿ ಗಟ್ಟಿಯಾಗಿ ವಾದ ಮಾಡಿ ಬಂದವಳು ಮಧ್ಯಾಹ್ನ ಅವನ ಶರ್ಟಿನ ಜೇಬಿನಲ್ಲಿ ಸಿಕ್ಕ ಬಸ್ ಟಿಕೆಟ್ ಹಿಡಿದು ನೆಲದ ಮೇಲೆ ಕೂತುಬಿಡುತ್ತಾಳೆ. ಇದು ಹಿಂದೆ ಬೀಳುವುದಲ್ಲ, ದುಃಖ ಇರುವುದೇ ಹಾಗೆ.

ಈಗ ಕ್ಯಾಲೆಂಡರ್ ತೆಗೆಯಿರಿ. ಹಂತ 3ರ ಕೆಲಸಗಳನ್ನು ಒಂದು ಬಣ್ಣದಲ್ಲಿ, ನೋವು ಉಕ್ಕುವ ದಿನಗಳನ್ನು ಇನ್ನೊಂದರಲ್ಲಿ ಹಾಕುತ್ತಾ ಹೋಗಿ. ಅವನ ಹುಟ್ಟುಹಬ್ಬ, ಮದುವೆಯಾದ ದಿನ, ವರ್ಷ ತುಂಬುವ ದಿನ ಎಲ್ಲರೂ ಹಾಕುತ್ತಾರೆ. ಎಣಿಸದ ದಿನಗಳನ್ನೂ ಹಾಕಿ: ಅವಳು ಮೊದಲ ಸಲ ಜೋರಾಗಿ ನಕ್ಕು ಆಮೇಲೆ ತಪ್ಪು ಮಾಡಿದೆ ಅಂದುಕೊಂಡ ದಿನ, ಇಡೀ ಬೆಳಗು ಅವನ ನೆನಪೇ ಬರಲಿಲ್ಲ ಅಂತ ಹೊಳೆದು ಬೆಚ್ಚಿದ ದಿನ. ಇವು ತಿಥಿಗಿಂತ ಹೆಚ್ಚು ಕಾಡುತ್ತವೆ.

ಒಂದು ವಿಷಯ ಗಮನದಲ್ಲಿರಲಿ. ಹೋದವರನ್ನು ಪೂರ್ತಿ ಬಿಟ್ಟುಬಿಟ್ಟರೇ ಗುಣ ಅನ್ನುವ ಹಳೆಯ ಮಾತನ್ನು 1996ರ ಹೊತ್ತಿಗೇ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಸಂಶೋಧಕರು ಪ್ರಶ್ನಿಸಿದ್ದರು. ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಹಾಗಾಗಿ ನಿಮ್ಮ ನಾಯಕಿ ಫೋಟೊ ಸುಡಬೇಕಾಗಿಲ್ಲ. ವರ್ಷ ಕಳೆದರೂ ದಿನ ನೂಕಲಾಗದಷ್ಟು ದುಃಖ ಹಾಗೇ ಇದ್ದರೆ ಅವಳು ವೈದ್ಯರ ಹತ್ತಿರ ಹೋಗಲಿ. ಅದನ್ನು ಸೋಲು ಅಂತ ಬರೆಯಬೇಡಿ.

ಹಂತ 6: ಎಲ್ಲಿಂದ ಶುರು ಮಾಡಬೇಕು

ಸಾವಿನ ದಿನದಿಂದ ಬೇಡ. ಆ ದಿನ ಅವಳ ಕೈಯಲ್ಲಿ ಏನೂ ಇಲ್ಲ, ಎಲ್ಲ ಅವಳಿಗೆ ಆಗುತ್ತಿದೆ. ಜನ ಎಲ್ಲ ಹೊರಟು ಹೋದ ಮೇಲೆ, ಅವಳು ಮೊದಲ ಸಲ ತಾನೇ ಏನನ್ನಾದರೂ ಮಾಡಬೇಕಾಗಿ ಬಂದ ದಿನದಿಂದ ಶುರು ಮಾಡಿ. ನಮ್ಮ ಕಥೆಯಲ್ಲಿ ಅದು ಬ್ಯಾಂಕಿನ ನೋಟಿಸು ಬಂದ ದಿನ. ಗಂಡ ಇಲ್ಲ ಅನ್ನುವುದನ್ನು ಅಂಚೆಯವನ ಜೊತೆಗಿನ ಎರಡು ಸಾಲಿನ ಮಾತಿನಲ್ಲೇ ತಿಳಿಸಬಹುದು.

ಹಿಂದಿನ ಕಥೆ ಹೇಳುವ ಆಸೆ ತಡೆದುಕೊಳ್ಳಿ. ಓದುಗರು ಒಂದು ಪ್ರಶ್ನೆ ಹೊತ್ತು ಹತ್ತಾರು ಪುಟ ನಡೆದ ಮೇಲೆಯೇ ಫ್ಲ್ಯಾಶ್‌ಬ್ಯಾಕಿನಲ್ಲಿ ಉತ್ತರ ಕೊಡಿ. ಎರಡನೇ ಅಧ್ಯಾಯವೇ "ಇಪ್ಪತ್ತು ವರ್ಷದ ಹಿಂದೆ" ಅಂತ ಶುರುವಾದರೆ ಅದು ಎಚ್ಚರಿಕೆಯ ಗುರುತು. ಆ ಅಧ್ಯಾಯವನ್ನು ಹಾಗೇ ಎತ್ತಿಟ್ಟು ಓದಿ ನೋಡಿ, ಹೆಚ್ಚಿನ ಸಲ ಅದಿಲ್ಲದೆಯೂ ಎಲ್ಲ ಅರ್ಥವಾಗುತ್ತದೆ.

ಹಂತ 7: ಸುತ್ತಲಿನವರಿಗೂ ಅವಳಿಂದ ಏನಾದರೂ ಬೇಕಿರಲಿ

ಅಕ್ಕ, ಗೆಳತಿ, ಅತ್ತೆ, ಮಗಳು ಎಲ್ಲರೂ ಸಮಾಧಾನ ಹೇಳಲು ಮಾತ್ರ ಬಂದರೆ ಪುಟಗಳು ಒಣಗುತ್ತವೆ. ಅಕ್ಕನಿಗೆ ತಂಗಿ ತನ್ನ ಮನೆಗೇ ಬಂದಿರಲಿ ಅನ್ನುವ ಆಸೆ, ಅದರಲ್ಲಿ ಪ್ರೀತಿಯೂ ಇದೆ, ತನ್ನ ಒಂಟಿತನವೂ ಇದೆ. ಮಗಳಿಗೆ ಮನೆ ಇದ್ದ ಹಾಗೇ ಇರಬೇಕು, ಅಪ್ಪನ ಚಪ್ಪಲಿಯನ್ನೂ ಕದಲಿಸಬಾರದು. ಅತ್ತೆಗೆ ಮಗನ ಹೆಸರಿನ ಜಾಗ ಬೇಕು. ಎಲ್ಲರ ದುಃಖವೂ ನಿಜ, ಒಬ್ಬರ ದುಃಖ ಇನ್ನೊಬ್ಬರದ್ದಕ್ಕೆ ಅಡ್ಡ ಬರುತ್ತದೆ. ಕಾದಂಬರಿಯ ಬಿಸಿ ಇಲ್ಲಿದೆ.

ಸಾಂತ್ವನದ ಮಾತುಗಳನ್ನು ಹುಷಾರಾಗಿ ಬಳಸಿ. "ಧೈರ್ಯ ತಂದ್ಕೋ", "ಆಗಿದ್ದು ಆಗ್ಹೋಯ್ತು", "ಋಣ ಇದ್ದಿದ್ದು ಅಷ್ಟೇ". ಇವನ್ನು ಹೇಳುವವರು ಹೆಚ್ಚಾಗಿ ತಮಗಾಗುವ ಇರುಸುಮುರುಸು ಬೇಗ ಮುಗಿಯಲಿ ಅಂತ ಹೇಳುತ್ತಾರೆ. ಅವಳ ಉತ್ತರ ಏನು ಅಂತ ಬರೆಯಿರಿ. ಸುಮ್ನೆ ಕಣ್ಣೊರೆಸಿಕೊಳ್ಳುವುದು ಉತ್ತರವಲ್ಲ. "ಧೈರ್ಯ ಇದೆ ಅಕ್ಕಾ, ದುಡ್ಡಿಲ್ಲ" ಅನ್ನಲಿ.

ಹಂತ 8: ಹೊಸ ಪ್ರೀತಿ, ಬೇಕಿದ್ದರೆ ಮಾತ್ರ

ಪ್ರೇಮಕಾದಂಬರಿಯಲ್ಲಿ ಪ್ರೀತಿಯೇ ನಡುವಿನ ಕಥೆ. ನಾವು ಬರೆಯುತ್ತಿರುವುದರಲ್ಲಿ ನಡುವೆ ಇರುವುದು ಅವಳು, ಪ್ರೀತಿ ಅವಳ ದಾರಿಯಲ್ಲಿ ಬಂದರೆ ಬರಬಹುದು. ಪರೀಕ್ಷೆ ಸುಲಭ: ಆ ಗಂಡಸನ್ನು ಪೂರ್ತಿ ತೆಗೆದುಹಾಕಿ. ಮನೆಯ ಸಾಲದ ಕಥೆ ಆಗಲೂ ಮುಗಿಯುತ್ತದೆಯೇ? ಮುಗಿಯುವುದಾದರೆ ಅವನನ್ನು ವಾಪಸ್ ಕರೆಯಬಹುದು. ಮುಗಿಯದಿದ್ದರೆ ಅವನು ಅವಳ ಕೆಲಸ ಮಾಡುತ್ತಿದ್ದಾನೆ.

ಅವಳು ತನ್ನ ಮೊದಲ ದೊಡ್ಡ ನಿರ್ಧಾರ ಮಾಡಿದ ಮೇಲೆಯೇ ಅವನು ಬರಲಿ. ಅವನಿಗೂ ಒಂದು ಕಷ್ಟ ಇರಲಿ, ಅವಳಿಗೆ ಅವನು ಒಂದು ಸಲ ಬೇಸರ ತರಿಸಲಿ. ಬಿಟ್ಟುಹೋದ ಹಳೆಯವನನ್ನು ರಾಕ್ಷಸ ಮಾಡುವ ಚಪಲವನ್ನೂ ಬಿಡಿ. ಅವನು ಬರೀ ಕೆಟ್ಟವನಾದರೆ ಅವಳು ಕಳೆದುಕೊಂಡದ್ದೇನೂ ಇಲ್ಲ, ಅವಳ ಅಳುವಿಗೆ ಕಾರಣವೇ ಇಲ್ಲದಂತಾಗುತ್ತದೆ. ಅವನು ಅವಳನ್ನು ನಗಿಸಿದ ಒಂದು ಸಂಜೆಯನ್ನು ಪ್ರಾಮಾಣಿಕವಾಗಿ ಬರೆಯಿರಿ. ಹೊಡೆದು ಬಡಿದು ಮಾಡಿದವನ ಕಥೆಯಾದರೆ ಮಾತ್ರ ಆ ಸಂಜೆ ಅವನ ತಪ್ಪನ್ನು ತೊಳೆಯದಂತೆ ನೋಡಿಕೊಳ್ಳಿ.

ಹಂತ 9: ಅಳುವನ್ನು ಬರೆಯುವುದು

ಎರಡು ತುಣುಕು ನೋಡಿ. ಮೊದಲನೆಯದು:

"ಅವಳ ಹೃದಯ ಒಡೆದುಹೋಗಿತ್ತು. ಕಣ್ಣೀರು ಧಾರೆಯಾಗಿ ಹರಿಯಿತು. ಅವನಿಲ್ಲದ ಬದುಕು ಶೂನ್ಯ ಅನ್ನಿಸಿತು."

ಎರಡನೆಯದು:

"ಗಾಡಿ ಕೊಳ್ಳಲು ಬಂದವನು ಕೀ ಕೇಳಿದ. ಗೊಂಚಲಿನಿಂದ ಅದೊಂದನ್ನು ಬಿಡಿಸಬೇಕಿತ್ತು. ಉಗುರು ಹಾಕಿ ಎಳೆದಳು, ರಿಂಗು ಬಾಯಿ ಬಿಡಲಿಲ್ಲ. 'ಕೊಡಿ ಮೇಡಂ, ನಾನು ಬಿಡಿಸ್ತೀನಿ' ಅಂದ. 'ಬೇಡ' ಅಂದಳು. ಉಗುರು ಮುರಿಯಿತು. ಅವನು ಬಾಗಿಲಲ್ಲೇ ನಿಂತು ಕಾದ."

ಎರಡನೆಯದರಲ್ಲಿ ದುಃಖ ಅನ್ನುವ ಮಾತೇ ಇಲ್ಲ, ಆದರೂ ಓದುಗರ ಗಂಟಲು ಬಿಗಿಯುತ್ತದೆ, ಯಾಕೆಂದರೆ ಅವಳು ಒಂದು ಕೆಲಸ ಮಾಡುತ್ತಿದ್ದಾಳೆ ಮತ್ತು ಅದು ಆಗುತ್ತಿಲ್ಲ. ಎಲ್ಲ ಕಡೆ ಹೀಗೇ ಮಾಡಿ ಅಂತಲ್ಲ. ಇಡೀ ಕಾದಂಬರಿಯಲ್ಲಿ ಒಂದೆರಡು ಕಡೆ ಅವಳು ಜೋರಾಗಿಯೇ ಅಳಲಿ. ಪ್ರತಿ ಅಧ್ಯಾಯದಲ್ಲೂ ಅತ್ತರೆ ಆ ಒಂದೆರಡಕ್ಕೆ ಬೆಲೆ ಹೋಗುತ್ತದೆ. ಮೈಯನ್ನೂ ಮರೆಯಬೇಡಿ: ನಿದ್ದೆ ಬಾರದ್ದು, ಹಸಿವು ಗೊತ್ತಾಗದ್ದು, ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮರೆತು ದಾರಿಯಿಂದ ವಾಪಸ್ ಬಂದದ್ದು.

ನಿಮ್ಮದೇ ಬದುಕಿನ ನೋವು ಬರೆಯುವವರಿಗೆ ಒಂದು ಮಾತು. ಬರೆದು ಎದ್ದ ಮೇಲೆ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಬಿಡುತ್ತಿದ್ದರೆ, ಆ ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ, ನಂಬಿಕೆಯವರ ಜೊತೆ ಮಾತಾಡಿ. ಕಾದಂಬರಿ ಕಾಯುತ್ತದೆ, ಅವಸರ ಏನೂ ಇಲ್ಲ.

ಹಂತ 10: ಮುಕ್ತಾಯ

ಮೊದಲ ಅಧ್ಯಾಯದಲ್ಲಿ ಅವಳ ಕೈಲಾಗದ ಯಾವ ಕೆಲಸವನ್ನು ಈಗ ಮಾಡಬಲ್ಲಳು? ಅದನ್ನು ಮಾಡಿ ತೋರಿಸಲಿ, ಯಾರೂ ಹೊಗಳದೆ ಇದ್ದರೂ ಪರವಾಗಿಲ್ಲ. ನಮ್ಮವಳು ಮನೆ ಮಾರುವ ಕರಾರನ್ನು ಕೂತು ಪೂರ್ತಿ ಓದುತ್ತಾಳೆ, ಏಳನೇ ಪುಟದ ಒಂದು ಷರತ್ತು ಬೇಡ ಅಂತ ಹೇಳುತ್ತಾಳೆ, ತಿದ್ದಿದ ಮೇಲೆ ಸಹಿ ಹಾಕುತ್ತಾಳೆ. ಒಂದು ಗಾಯ ತೆರೆದೇ ಇರಲಿ. ಮಗಳು ಇನ್ನೂ ಪೂರ್ತಿ ಒಪ್ಪಿಲ್ಲದಿರಬಹುದು. ಎಲ್ಲರೂ ಬಂದು ಕ್ಷಮೆ ಕೇಳುವ ಕೊನೆಯ ಅಧ್ಯಾಯ ಬರೆದಿದ್ದರೆ ಅದರಲ್ಲಿ ಮುಕ್ಕಾಲು ತೆಗೆಯಿರಿ.

ಹಂತ 11: ತಿದ್ದುವುದು ಮತ್ತು ಓದಿಸುವುದು

ಕರಡು ಮುಗಿಸಿ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಮುದ್ರಿಸಿ, ನಾಯಕಿ ಕರ್ತೃವಾಗಿರುವ ವಾಕ್ಯಗಳಿಗೆ ಒಂದು ಬಣ್ಣದ ಗೆರೆ ಎಳೆಯಿರಿ. "ಅವಳಿಗೆ ಅನ್ನಿಸಿತು", "ಅವಳಿಗೆ ನೆನಪಾಯಿತು", "ಅವಳಿಗೆ ಬೇಸರವಾಯಿತು" ಅನ್ನುವಂಥ ವಾಕ್ಯಗಳಿಗೆ ಇನ್ನೊಂದು ಬಣ್ಣ. ಕನ್ನಡದಲ್ಲಿ ಈ "ಅವಳಿಗೆ" ಬಹಳ ಸಹಜವಾಗಿ ಬರುತ್ತದೆ, ಪುಟಗಟ್ಟಲೆ ಬಂದರೂ ಕಿವಿಗೆ ಗೊತ್ತಾಗುವುದಿಲ್ಲ. ಮೊದಲ ಭಾಗದಲ್ಲಿ ಎರಡನೇ ಬಣ್ಣ ಜಾಸ್ತಿ ಇದ್ದರೆ ಸರಿ. ಕೊನೆಯ ಭಾಗದಲ್ಲೂ ಅದೇ ಜಾಸ್ತಿ ಇದ್ದರೆ ಅವಳು ಬದಲಾಗಿಲ್ಲ, ನೀವು ಬದಲಾದಳು ಅಂತ ಹೇಳಿದ್ದೀರಿ ಅಷ್ಟೇ.

ನಿಜವಾದ ಯಾರದೋ ಬದುಕಿನಿಂದ ತೆಗೆದ ವಿವರ ಇದ್ದರೆ ಅವರ ಕೆಲಸ, ಊರು, ಮಕ್ಕಳ ಸಂಖ್ಯೆ ಎಲ್ಲ ಬದಲಿಸಿ, ಗುರುತು ಸಿಗಬಾರದು.

ಕೊನೆಗೆ ಓದುಗರಿಗೆ ಕೊಡಿ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ, ಅಳು ಬಂತು" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬೇರೆ ಪ್ರಶ್ನೆ ಕೇಳಿ: ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ, ಎಲ್ಲಿ ಅವಳ ಮೇಲೆ ಸಿಟ್ಟು ಬಂತು, ಅವಳ ಯಾವ ನಿರ್ಧಾರವನ್ನು ನಂಬಲು ಆಗಲಿಲ್ಲ? ನಷ್ಟ ಕಂಡವರನ್ನು ಇನ್ನೂ ಒಂದು ಕೇಳಿ: ಯಾವ ಮಾತು ಸುಳ್ಳು ಅನ್ನಿಸಿತು? ಅವರು ತೋರಿಸಿದ ಸಾಲನ್ನು ವಾದ ಮಾಡದೆ ಗುರುತು ಹಾಕಿಕೊಂಡು, ಆ ದೃಶ್ಯಕ್ಕೆ ಸೇರಿದ ಕೆಲಸ ಯಾವುದು ಅಂತ ಹಂತ 3ರ ಪಟ್ಟಿಗೆ ಹೋಗಿ ನೋಡಿ.